ಪುಟ್ಟಿ ಹಚ್ಚದ ಸ್ಟೆಂಟು

ಪುಟ್ಟಿಯಪ್ಪ ಸೀನಿದರೆ ಅಂಗಡಿಯ ಗಾಜುಗಳೆಲ್ಲ ಒಮ್ಮೆ ಝಣ್ಣೆನ್ನುತ್ತಿದ್ದವು. ಗೋಡೆಗೆ ಒರಗಿಸಿ ನಿಲ್ಲಿಸಿದ ದೊಡ್ಡ ಹಾಳೆಗಳು ಮೊದಲು, ಆಮೇಲೆ ಹಲಗೆಯ ಮೇಲಿನ ತುಂಡುಗಳು, ಕೊನೆಗೆ ಬಾಗಿಲ ಪಕ್ಕ ತೂಗುಹಾಕಿದ ಕನ್ನಡಿ. ಎದುರು ಬದಿಯಲ್ಲಿ ಸೈಕಲ್ ರಿಪೇರಿ ಮಾಡುವವನು ಚಕ್ರದ ಕಡ್ಡಿಗಳಿಂದ ಕಣ್ಣು ಕೀಳದೆಯೇ, "ಆಯ್ತಾ, ಇನ್ನೊಂದಿದೆಯಾ?" ಎಂದು ಕೂಗುವನು. "ಇದೆ, ತಡಿ" ಎಂದು ಪುಟ್ಟಿಯಪ್ಪ ಮೂಗು ಮೇಲೆತ್ತಿಕೊಂಡೇ ಉತ್ತರ ಕೊಡುವನು. ಎರಡನೆಯದು ಬರುವವರೆಗೆ ಇಬ್ಬರೂ ಕೈ ತಡೆದು ಕಾಯುವರು. ಬಂದ ಮೇಲೆ ತಮ್ಮ ತಮ್ಮ ಕೆಲಸಕ್ಕೆ ಹಿಂದಿರುಗುವರು.

ಸೀನಿಗೆ ಕಾರಣ ಸೀಮೆಸುಣ್ಣದ ಪುಡಿ. ಕಿಟಕಿಯ ಚೌಕಟ್ಟಿನಲ್ಲಿ ಗಾಜನ್ನು ಹಿಡಿದು ನಿಲ್ಲಿಸುತ್ತದಲ್ಲ, ನಾದಿದ ಹಿಟ್ಟಿನಂಥ ಪುಟ್ಟಿ, ಅದನ್ನು ಎಲ್ಲರೂ ಡಬ್ಬಿಯಲ್ಲಿ ಕೊಳ್ಳುತ್ತಾರೆ. ಪುಟ್ಟಿಯಪ್ಪ ಕೊಳ್ಳುತ್ತಿರಲಿಲ್ಲ. ಸೀಮೆಸುಣ್ಣದ ಪುಡಿಯನ್ನು ಜರಡಿ ಹಿಡಿದು, ಅಗಸೆ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸುರಿದು, ಅಂಗೈಯ ಬುಡದಿಂದ ಒತ್ತಿ ಒತ್ತಿ ತಾನೇ ನಾದುತ್ತಿದ್ದ. ಬೆರಳಿನಿಂದ ಎಳೆದರೆ ಹರಿಯಬಾರದು, ಬೆರಳಿಗೆ ಮೆತ್ತಿಕೊಳ್ಳಲೂಬಾರದು, ಅಲ್ಲಿಯವರೆಗೆ ಬಿಡುತ್ತಿರಲಿಲ್ಲ.

ಮಗಳು ಹುಟ್ಟಿದಾಗ ಮನೆಯವರೆಲ್ಲ ಅವಳನ್ನು ಪುಟ್ಟಿ ಎಂದು ಕರೆದರು. ಅವಳು ಬೆಳೆದು, ಮದುವೆಯಾಗಿ, ಪಕ್ಕದ ಬೀದಿಯಲ್ಲೇ ಮನೆ ಮಾಡಿದರೂ ಪುಟ್ಟಿಯಾಗಿಯೇ ಉಳಿದಳು. ಹೀಗಾಗಿ ಅವನಿಗೆ ಪುಟ್ಟಿಯಪ್ಪ ಎಂಬ ಹೆಸರು ಬಿದ್ದದ್ದು ಮಗಳಿಂದಲೋ ಹಿಟ್ಟಿನಿಂದಲೋ ಎಂದು ಯಾರೂ ಖಚಿತವಾಗಿ ಹೇಳಲಾರರು. ಅಂಗಡಿಗೆ ಹೊಸದಾಗಿ ಬಂದವರು "ಪುಟ್ಟಿ ಇದೆಯಾ?" ಎಂದು ಕೇಳಿದರೆ, ಅವನು ಗಂಭೀರವಾಗಿ, "ಈಗ ತಾನೇ ಊಟಕ್ಕೆ ಹೋದಳು, ಬರ್ತಾಳೆ ಕೂತ್ಕೊಳ್ಳಿ" ಎನ್ನುತ್ತಿದ್ದ. ಆಮೇಲೆ ತಾನೇ ನಗುತ್ತಿದ್ದ. ಆ ನಗುವಿಗೂ ಕನ್ನಡಿ ಅಲುಗಾಡುತ್ತಿತ್ತು.

ಪುಟ್ಟಿ ದಿನಾ ಬೆಳಿಗ್ಗೆ ಅಂಗಡಿಗೆ ಬಂದು ಅಪ್ಪನ ಜೊತೆ ಕೆಲಸ ಮಾಡುತ್ತಿದ್ದಳು. ಅಂಗಡಿಯ ಮಧ್ಯೆ ಕಂಬಳಿ ಹೊದಿಸಿದ ದೊಡ್ಡ ಮೇಜು. ಅದರ ಒಂದು ಬದಿಗೆ ಅಪ್ಪ, ಇನ್ನೊಂದು ಬದಿಗೆ ಮಗಳು. ಹಾಳೆಯನ್ನು ಇಬ್ಬರೂ ಒಟ್ಟಿಗೆ ಎತ್ತಿ ಮೇಜಿನ ಮೇಲೆ ಮಲಗಿಸುವರು. ಕಟ್ಟರಿನ ಮೊನೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಪಟ್ಟಿಯ ಗುಂಟ ಒಂದೇ ಎಳೆತಕ್ಕೆ ಗೀರೆಳೆದು, ಕೆಳಗಿನಿಂದ ಮೆಲ್ಲಗೆ ತಟ್ಟಿದರೆ ಗಾಜು ಮಾತು ಕೇಳಿದ ಹಾಗೆ ಎರಡಾಗುವುದು. ಆ ಮೇಜನ್ನು ಮಾಡಿಕೊಟ್ಟವನು ಪುಟ್ಟಿಯಪ್ಪನ ಬಾಮೈದ, ಅಂದರೆ ಹೆಂಡತಿಯ ತಮ್ಮ. ಪಕ್ಕದ ಮಳಿಗೆಯಲ್ಲೇ ಅವನ ಬಡಗಿ ಕೆಲಸ. ಅಂಗಡಿ ಶುರುವಾದ ಹೊಸದರಲ್ಲಿ ಮರ, ಉಳಿ, ಗರಗಸ ಎಲ್ಲ ತಂದು, ಅಂಗಡಿಯೊಳಗೇ ಕೂತು, ನೆಲ ತುಂಬ ಹೊಟ್ಟು ಚೆಲ್ಲಿ ಮಾಡಿಕೊಟ್ಟಿದ್ದ.

ಮಗಳಿಗೆ ಪುಟ್ಟಿಯಪ್ಪ ಕಲಿಸಿದ ಮೊದಲ ಪಾಠ ಒಂದೇ. ಗಾಜನ್ನು ಚೌಕಟ್ಟಿನ ತೋಡಿನಲ್ಲಿಟ್ಟು ನಾಲ್ಕು ಸಣ್ಣ ಮೊಳೆ ಹೊಡೆದರೆ ಅದು 'ಕೂರಿಸಿದ್ದು'. ಪುಟ್ಟಿ ಹಚ್ಚಿದರೆ 'ನಿಲ್ಲಿಸಿದ್ದು'. ಕೂರಿಸಿದ ಗಾಜನ್ನು ನಂಬಬಾರದು, ಬಾಗಿಲು ಬಡಿದರೆ ಸಾಕು, ಕೆಳಗೆ ಬೀಳುತ್ತೆ. ಮೊಳೆ ಹೊಡೆದು ಪುಟ್ಟಿ ಹಚ್ಚದೆ ಹೋಗುವ ಕೆಲಸಗಾರರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾರದೋ ಮನೆಯಲ್ಲಿ ಅಂಥ ಕಿಟಕಿ ಕಂಡರೆ ಹೊರಟು ಬರುವ ಮುಂಚೆ ಒಂದು ಮಾತು ಹೇಳದೆ ಇರುತ್ತಿರಲಿಲ್ಲ.

ಇಂಥವನಿಗೆ ಒಂದು ದಿನ ಗಾಜು ಹೊತ್ತು ಮಹಡಿ ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಯಾರೋ ಕೂತಂತಾಯಿತು. ಗ್ಯಾಸ್ ಎಂದುಕೊಂಡ. ಮುಂದಿನ ವಾರ ಮತ್ತೆ ಹಾಗೇ ಆಯಿತು, ಎಡಗೈಯೂ ಜೋಮು ಹಿಡಿಯಿತು. ಮನೆಯಲ್ಲಿ ಹೇಳಲಿಲ್ಲ. ಆದರೆ ಎರಡು ತುತ್ತು ಉಂಡು ಎದೆಯನ್ನೂ ಎಡಗೈಯನ್ನೂ ನೀವಿಕೊಳ್ಳುತ್ತಿದ್ದ ಗಂಡನನ್ನು ಹೆಂಡತಿ ನೋಡಿದಳು.

"ಏನ್ರೀ ಅದು?"

"ಏನಿಲ್ಲ, ಗ್ಯಾಸು."

"ಗ್ಯಾಸು ಎಡಗೈಗೆ ಯಾವಾಗಿಂದ ಹೋಗೋಕೆ ಶುರು ಮಾಡ್ತು? ಏಳಿ, ಚಪ್ಪಲಿ ಹಾಕ್ಕೊಳ್ಳಿ."

ಆಸ್ಪತ್ರೆ ಹಳೆಯ ಕಟ್ಟಡದಲ್ಲಿತ್ತು. ಹೃದಯದ ಡಾಕ್ಟರಮ್ಮನ ಕೋಣೆಗೆ ಮರದ ಚೌಕಟ್ಟಿನ ಎತ್ತರದ ಕಿಟಕಿ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಪುಟ್ಟಿಯಪ್ಪನನ್ನು ಎದುರು ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರು. ಹೃದಯಕ್ಕೆ ರಕ್ತ ಒಯ್ಯುವ ಒಂದು ನಾಳ ಕಿರಿದಾಗಿದೆ. ಬಲೂನಿನಿಂದ ಅದನ್ನು ಹಿಗ್ಗಿಸಿ, ಮತ್ತೆ ಮುಚ್ಚಿಕೊಳ್ಳದ ಹಾಗೆ ಒಂದು ಸಣ್ಣ ಲೋಹದ ಜಾಲರಿ ಕೊಳವೆಯನ್ನು ಒಳಗಿಡುತ್ತೇವೆ, ಅದೇ ಸ್ಟೆಂಟ್. ಅದರ ಮೇಲೆ ಔಷಧಿ ಇರುತ್ತದೆ. ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆ ತೆಗೆದುಕೊಳ್ಳಬೇಕು. ಬೇರೆಯವರಿಗಾದರೆ ಎರಡನ್ನೂ ಬಹಳ ತಿಂಗಳು ಕೊಡುತ್ತೇವೆ, ಆದರೆ ನಿಮಗೆ ಹಾಗೆ ಕೊಡುವುದು ಕಷ್ಟ.

ಕಷ್ಟ ಏಕೆಂದರೆ, ಹಿಂದಿನ ವರ್ಷ ಪುಟ್ಟಿಯಪ್ಪ ಹೊಟ್ಟೆಯ ಹುಣ್ಣು ಒಡೆದು ರಕ್ತ ಹೋಗಿ ಆಸ್ಪತ್ರೆಗೆ ಸೇರಿದ್ದ. ಹೊಟ್ಟೆ ಹುಣ್ಣಾಗುವ ಹಾಗೆ ನಗುವವರನ್ನು ಕಂಡಿದ್ದೇನೆ, ನಿಜವಾಗಿ ಹುಣ್ಣು ಮಾಡಿಕೊಂಡವರು ನೀವೊಬ್ಬರೇ ಭಾವ ಎಂದು ಬಾಮೈದ ಆಗ ತಮಾಷೆ ಮಾಡಿದ್ದ.

"ಅದಕ್ಕೇ ನಿಮಗೆ ಬೇರೆ ಥರದ ಸ್ಟೆಂಟ್ ಹಾಕೋಣ ಅಂತ. ಇದಕ್ಕಾದ್ರೆ ಎರಡು ಮಾತ್ರೆ ಒಂದು ತಿಂಗಳು ಸಾಕು, ಆಮೇಲೆ ಒಂದೇ" ಎಂದರು ಡಾಕ್ಟರಮ್ಮ.

ಅಷ್ಟು ಹೊತ್ತೂ ಪುಟ್ಟಿಯಪ್ಪ ಕಿವಿಗೊಟ್ಟು ಕೇಳಿದ್ದ. ಅಷ್ಟರಲ್ಲಿ ಗಾಳಿ ಬೀಸಿತು. ಕಿಟಕಿಯ ಮೇಲಿನ ಗಾಜೊಂದು ಟಕಟಕ ಎಂದಿತು. ಅವನ ಕಣ್ಣು ತಾನಾಗಿಯೇ ಅತ್ತ ಹೋಯಿತು. ಆ ಗಾಜಿನ ಸುತ್ತ ಪುಟ್ಟಿ ಅರ್ಧಕ್ಕರ್ಧ ಉದುರಿಹೋಗಿತ್ತು. ಬರಿಯ ಎರಡು ತುಕ್ಕು ಮೊಳೆಯ ಮೇಲೆ ಕೂತಿತ್ತು. ಇವತ್ತೋ ನಾಳೆಯೋ ಬೀಳುವುದೇ. ಬಿದ್ದರೆ ನೇರ ಡಾಕ್ಟರಮ್ಮನ ಕುರ್ಚಿಯ ಹಿಂದೆ. ಹೇಳಬೇಕೋ ಬೇಡವೋ, ರೋಗಿಯಾಗಿ ಬಂದವನು ಕಿಟಕಿಯ ಮಾತೆತ್ತಿದರೆ ಚೆನ್ನಾಗಿರುತ್ತದೋ ಇಲ್ಲವೋ ಎಂದು ಅವನು ಲೆಕ್ಕ ಹಾಕುತ್ತಿದ್ದಾಗ ಡಾಕ್ಟರಮ್ಮನ ಮಾತಿನ ಬಾಲ ಮಾತ್ರ ಕಿವಿಗೆ ಬಿತ್ತು.

"...ಇದರಲ್ಲಿ ಅಂಟು ಅನ್ನೋದೇ ಇರಲ್ಲ. ಗೊತ್ತಾಯ್ತಲ್ಲ?"

"ಎಲ್ಲ ಗೊತ್ತಾಯ್ತು ಮೇಡಂ" ಎಂದ ಪುಟ್ಟಿಯಪ್ಪ.

ಹೊರಗೆ ಬಂದಾಗ ಹೆಂಡತಿ ಕೇಳಿದಳು, "ಏನಂದ್ರು?" "ಬೇರೆ ಥರದ್ದು ಹಾಕ್ತಾರಂತೆ, ಒಳ್ಳೆ ಮಾಲು" ಎಂದ. ಅಂಟು ಇಲ್ಲ ಎಂಬ ಮಾತು ಮಾತ್ರ ಒಳಗೆ ಒಂದು ಕಡೆ ಚುಚ್ಚುತ್ತಿತ್ತು. ಇರಲಿ, ಅವರದ್ದೇ ಬೇರೆ ವ್ಯವಸ್ಥೆ ಇರಬಹುದು ಎಂದು ಸುಮ್ಮನಾದ.

ಸ್ಟೆಂಟ್ ಹಾಕಿದ ದಿನ ಅವನಿಗೆ ಎಚ್ಚರವಿತ್ತು. ಮಣಿಕಟ್ಟಿನಿಂದ ತಂತಿ ತೂರಿಸಿ ಎದೆಯವರೆಗೆ ಒಯ್ದರು. ಗಾಜು ಎಷ್ಟೋ ಸಲ ಕೊಯ್ದ ಕೈ, ಇದು ಅದಕ್ಕೆ ಇರುವೆ ಕಚ್ಚಿದಷ್ಟೂ ಆಗಲಿಲ್ಲ. ಪರದೆಯ ಮೇಲೆ ಕಪ್ಪು ಬೇರಿನಂಥ ನಾಳಗಳು ಮಿಡಿಯುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಲ್ಲಿದ್ದ ನರ್ಸಮ್ಮ ಅವನ ಭುಜ ತಟ್ಟಿ, "ಅಂಕಲ್, ಚೆನ್ನಾಗಿ ಕೂತಿದೆ" ಎಂದಳು.

ಪುಟ್ಟಿಯಪ್ಪ ದಿಂಬಿನಿಂದ ತಲೆ ಎತ್ತಿದ.

"ಕೂತಿದೆಯಾ?"

"ಹ್ಞೂಂ, ಬಹಳ ಚೆನ್ನಾಗಿ ಕೂತಿದೆ."

"ಆಮೇಲೆ ಏನು ಮಾಡ್ತೀರಾ?"

"ಆಮೇಲೆ ಏನಿಲ್ಲ, ಅಷ್ಟೇ. ಮುಗೀತು."

ಮುಗಿಯಿತಂತೆ. ಕೂರಿಸಿದರು, ಎದ್ದು ಹೋದರು. ಇಷ್ಟು ವರ್ಷ ಯಾರನ್ನು ಬೈದುಕೊಂಡು ಬಂದಿದ್ದನೋ ಅಂಥದೇ ಕೆಲಸ ಈಗ ತನ್ನ ಎದೆಯೊಳಗೇ ಆಗಿತ್ತು. ಅದಕ್ಕೆ ತಲೆಯಾಡಿಸಿದವನೂ ತಾನೇ.

ಮನೆಗೆ ಬಂದ ಪುಟ್ಟಿಯಪ್ಪ ಬೇರೆಯೇ ಮನುಷ್ಯನಾಗಿದ್ದ. ಎದೆ ನೋವು ಹೋಗಿತ್ತು, ಉಸಿರು ಸಲೀಸಾಗಿತ್ತು. ಹಾಗಿದ್ದರೂ ದೊಡ್ಡ ಗಾಜಿನ ಹಾಳೆಯೊಂದನ್ನು ತಬ್ಬಿಕೊಂಡು ನಡೆಯುವವನ ಹಾಗೆ ಬೆನ್ನು ನೆಟ್ಟಗೆ ಮಾಡಿ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆಯುತ್ತಿದ್ದ. ಬಗ್ಗಿ ಚಪ್ಪಲಿ ಹಾಕುತ್ತಿರಲಿಲ್ಲ, ಕಾಲಿನಿಂದಲೇ ತಡಕಾಡಿ ಸಿಕ್ಕಿಸಿಕೊಳ್ಳುತ್ತಿದ್ದ. ಮಗ್ಗುಲು ಬದಲಿಸುವ ಮುಂಚೆ ಅಂಗೈಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದ. ಡಾಕ್ಟರಮ್ಮ ದಿನಾ ನಡೆಯಿರಿ ಎಂದಿದ್ದರು. ಅವನು ಹಜಾರದಿಂದ ಅಡುಗೆಮನೆಗೆ ನಡೆದು, ನಡೆದೆ ಎನ್ನುತ್ತಿದ್ದ.

"ಎದೆಯೊಳಗೆ ಅವರೇನು ಕನ್ನಡಿ ಇಟ್ಟು ಕಳಿಸಿದ್ದಾರಾ?" ಎಂದಳು ಹೆಂಡತಿ.

"ನಿನಗೆ ಗೊತ್ತಾಗಲ್ಲ ಸುಮ್ಮನಿರು."

"ಗೊತ್ತಾಗೋ ಹಾಗೆ ಹೇಳಿ ಮತ್ತೆ."

ಹೇಗೆ ಹೇಳುವುದು? ಎಲ್ಲ ಗೊತ್ತಾಯ್ತು ಎಂದು ಡಾಕ್ಟರಮ್ಮನ ಮುಂದೆ ಜಂಭದಿಂದ ಹೇಳಿ ಬಂದಿದ್ದಾನೆ. ಇನ್ನೂ ಒಂದು ಭಯವಿತ್ತು. ಕೇಳಿದರೆ, ಹೌದು ಪುಟ್ಟಿಯಪ್ಪ, ಜಾರಬಹುದು, ಹುಷಾರಾಗಿರಿ ಎಂದುಬಿಟ್ಟರೆ? ಕೇಳದೆ ಇದ್ದರೆ ಕೊನೇಪಕ್ಷ ಅನುಮಾನವಾಗಿಯೇ ಉಳಿಯುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಸೀನು. ಬರುವ ಸೂಚನೆ ಸಿಕ್ಕ ಕೂಡಲೇ ಮೂಗಿನ ಬುಡವನ್ನು ಎರಡು ಬೆರಳಿನಿಂದ ಹಿಂಡಿ ಹಿಡಿದು, ಕಣ್ಣು ಬಿಟ್ಟುಕೊಂಡು ಗೋಡೆ ನೋಡುತ್ತ ನಿಲ್ಲುವನು. ಸೀನು ಹಿಂದೆ ಸರಿದು ಹೋಗುವುದು. ನಗುವೂ ಅಪಾಯವೇ. ಬಾಮೈದ ಸಂಜೆ ಬಂದು ಏನಾದರೂ ಹಾಸ್ಯ ಮಾಡಿದರೆ, ಪುಟ್ಟಿಯಪ್ಪ ತುಟಿಯನ್ನು ಒಳಗೆ ಮಡಚಿಕೊಂಡು ಕುತ್ತಿಗೆಯಿಂದ ಮಾತ್ರ ನಗುವನು.

"ಅಕ್ಕ, ಭಾವನಿಗೆ ಎದೆಗೆ ಸ್ಟೆಂಟ್ ಹಾಕಿದ್ರಾ, ಬಾಯಿಗೆ ಹೊಲಿಗೆ ಹಾಕಿದ್ರಾ?"

"ನೀನೇ ಕೇಳು. ನಾನು ಕೇಳಿ ಕೇಳಿ ಸಾಕಾಗಿದೆ."

ಅಂಗಡಿಯನ್ನು ಪುಟ್ಟಿ ನಡೆಸುತ್ತಿದ್ದಳು. ಸಣ್ಣ ಫ್ರೇಮು, ಫೋಟೋ ಗಾಜು, ಅಲಮಾರಿಯ ಬಾಗಿಲು, ಅವಳೊಬ್ಬಳೇ ಮಾಡಬಹುದಾದದ್ದನ್ನೆಲ್ಲ ಮಾಡಿದಳು. ದೊಡ್ಡ ಹಾಳೆಗಳನ್ನು ಎತ್ತಲು ಮಾತ್ರ ಇನ್ನೊಂದು ಜೊತೆ ಕೈ ಬೇಕಿತ್ತು. ದೊಡ್ಡ ಕೆಲಸ ತಂದವರಿಗೆ, "ಅಪ್ಪ ಬರಲಿ, ಸ್ವಲ್ಪ ತಡೀರಿ" ಎನ್ನುತ್ತಿದ್ದಳು. ಒಂದು ದಿನ ಮನೆಗೆ ಬಂದು ಅಪ್ಪನ ಕಾಲ ಬಳಿ ಕೂತಳು.

"ಅಪ್ಪ, ಎತ್ತೋದು ಬೇಡ. ಬಂದು ಕುರ್ಚಿ ಮೇಲಾದ್ರೂ ಕೂತ್ಕೋ. ನಾನು ಗೀರೆಳೀವಾಗ ಬೈಯೋಕೆ ಯಾರೂ ಇಲ್ಲ, ಬೇಜಾರಾಗುತ್ತೆ."

ಪುಟ್ಟಿಯಪ್ಪ ಅವಳ ತಲೆ ನೇವರಿಸಿದ. ಅಂಗಡಿಗೆ ಹೋದರೆ ಕೈ ಸುಮ್ಮನಿರದು. ಹಾಳೆ ಎತ್ತದೆ ಇರಲಾರ, ಪುಟ್ಟಿ ನಾದದೆ ಇರಲಾರ, ನಾದಿದರೆ ಸೀನದೆ ಇರಲಾರ. ಹಾಗೆಂದು ಅಂಗಡಿಯನ್ನು ಅರ್ಧ ಬಾಗಿಲು ತೆರೆದು ಎಷ್ಟು ದಿನ ಇಡುವುದು? ಅವಳು ಒಬ್ಬಳೇ ದೊಡ್ಡ ಹಾಳೆ ಎತ್ತಲು ಹೋಗಿ ಏನಾದರೂ ಮಾಡಿಕೊಂಡರೆ? ಅಂದು ಅವನು ಒಂದು ತೀರ್ಮಾನಕ್ಕೆ ಬಂದ. ಮರುದಿನ ಬಾಮೈದನನ್ನು ಕರೆಸಿದ.

"ಆ ಮೇಜು ನೀನೇ ತಗೊಂಡು ಹೋಗು. ನಿನ್ನ ಮಳಿಗೆಯಲ್ಲಿ ಉಪಯೋಗಕ್ಕೆ ಬರುತ್ತೆ. ಅಂಗಡಿ ಮುಚ್ಚೋಣ ಅಂತ."

ಬಾಮೈದ ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟ. "ಭಾವ, ಜ್ವರ ಗಿರ ಬಂದಿದೆಯಾ?"

"ನನಗೆ ವಯಸ್ಸಾಯ್ತಪ್ಪ."

"ನೀವು ಆಸ್ಪತ್ರೆಗೆ ಹೋಗೋ ಮುಂಚೆ ಇಷ್ಟು ವಯಸ್ಸಾಗಿರಲಿಲ್ಲ."

"ಮಾತು ಬೇಡ. ಬರೋ ಸೋಮವಾರ ನಾನು ಡಾಕ್ಟರ ಹತ್ತಿರ ಹೋಗ್ತೀನಿ. ನಾನಿಲ್ಲದಾಗ ತಗೊಂಡು ಹೋಗು. ಕಣ್ಣಾರೆ ನೋಡೋಕೆ ನನಗಾಗಲ್ಲ."

ಬಾಮೈದ ಗೊಣಗುತ್ತ ಒಪ್ಪಿಕೊಂಡ. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ ಹೆಂಡತಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಜೋಡಿಸಿದಳು. ಸಂಜೆ ಪುಟ್ಟಿಗೆ ವಿಷಯ ಮುಟ್ಟಿತು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಬಾಗಿಲಲ್ಲೇ ನಿಂತು, "ಮೇಜಿಗೆ ಎರಡು ಬದಿ ಇದೆಯಪ್ಪ. ಒಂದು ನನ್ನದು. ಕೊಡೋ ಮುಂಚೆ ಕೇಳಬೇಕಿತ್ತು" ಎಂದು ಹೇಳಿ ಹೋದಳು.

ಸಿಟ್ಟಿದ್ದರೂ ಸೋಮವಾರ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಪುಟ್ಟಿಯೇ. ಬಸ್ಸಿನಲ್ಲಿ ಅಪ್ಪ ಎರಡೂ ಕೈಯಿಂದ ಎದೆ ಹಿಡಿದುಕೊಂಡು ಕೂತಿದ್ದ. ರಸ್ತೆಯ ಉಬ್ಬು ಬಂದಾಗಲೆಲ್ಲ ಸೀಟಿನಿಂದ ಚೂರು ಮೇಲೆದ್ದು ನಿಲ್ಲುತ್ತಿದ್ದ.

"ನೋವಾಗ್ತಿದೆಯಾ?"

"ಇಲ್ಲ."

"ಮತ್ತೆ ಕೋಳಿ ಮೊಟ್ಟೆ ಇಟ್ಟ ಹಾಗೆ ಯಾಕೆ ಏಳ್ತಾ ಇದ್ದೀಯಾ?"

ಅವನು ಕಿಟಕಿಯ ಹೊರಗೆ ನೋಡಿದ.

ಡಾಕ್ಟರಮ್ಮ ರಕ್ತದೊತ್ತಡ ನೋಡಿದರು, ಇಸಿಜಿ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಮುಖದಲ್ಲಿ ತೃಪ್ತಿ ಕಾಣುತ್ತಿತ್ತು.

"ಎಲ್ಲ ಬಹಳ ಚೆನ್ನಾಗಿದೆ. ಒಂದು ತಿಂಗಳಾಯ್ತಲ್ಲ, ಎರಡರಲ್ಲಿ ಒಂದು ಮಾತ್ರೆ ಇವತ್ತಿಂದ ನಿಲ್ಲಿಸೋಣ. ಇನ್ನೊಂದನ್ನ ಮಾತ್ರ ನನ್ನ ಕೇಳದೆ ಯಾವತ್ತೂ ಬಿಡಬೇಡಿ. ಹೊಟ್ಟೆಯ ಮಾತ್ರೆಯೂ ಇರಲಿ. ಏನಾದ್ರೂ ಕೇಳೋದಿದೆಯಾ?"

ಕಿಟಕಿಯ ಮೇಲಿನ ಗಾಜು ಟಕಟಕ ಎಂದಿತು. ಪುಟ್ಟಿಯಪ್ಪ ಅದನ್ನು ನೋಡಿದ. ಅದಿನ್ನೂ ಬಿದ್ದಿರಲಿಲ್ಲ. ಹೇಗೂ ಮೇಜು ಇವತ್ತು ಹೋಗುತ್ತಿದೆ, ಇನ್ನೇನು ಉಳಿದಿದೆ ಎನ್ನಿಸಿ ಧೈರ್ಯ ಬಂತು. ಸಣ್ಣ ದನಿಯಲ್ಲಿ ಕೇಳಿದ.

"ಮೇಡಂ, ಪುಟ್ಟಿ ಇಲ್ಲದೆ ಎಷ್ಟು ದಿನ ಇರಬಹುದು?"

ಡಾಕ್ಟರಮ್ಮ ಪಕ್ಕದಲ್ಲಿದ್ದ ಪುಟ್ಟಿಯ ಮುಖ ನೋಡಿದರು. ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಅವನು ಅವಳನ್ನು ಆ ಹೆಸರಿನಿಂದ ಕರೆಯುವುದನ್ನು ಕೇಳಿದ್ದರು.

"ಯಾಕೆ, ಪುಟ್ಟಿ ಎಲ್ಲಿಗೆ ಹೋಗ್ತಾ ಇದ್ದಾಳೆ?"

"ನಾನೆಲ್ಲೂ ಹೋಗ್ತಾ ಇಲ್ಲ ಮೇಡಂ" ಎಂದಳು ಪುಟ್ಟಿ ಗಾಬರಿಯಾಗಿ. "ಅಪ್ಪ, ನಾನು ಎಲ್ಲಿ ಹೋಗ್ತೀನಿ ಅಂದೆ? ಸಿಟ್ಟು ಮಾಡಿಕೊಂಡಿದ್ದಕ್ಕೆ ಬಿಟ್ಟು ಹೋಗ್ತೀನಿ ಅಂದುಕೊಂಡೆಯಾ?"

"ನೀನಲ್ಲವೇ. ಆ ಪುಟ್ಟಿ."

"ಯಾವ ಪುಟ್ಟಿ?"

"ಗಾಜಿನ ಪುಟ್ಟಿ. ಅಂಟು." ಈಗ ಬಾಯಿ ಬಿಟ್ಟಾಗಿತ್ತು, ಪುಟ್ಟಿಯಪ್ಪ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. "ಇದಕ್ಕೆ ಅಂಟು ಇಲ್ಲ ಅಂದ್ರಿ. ಸುಮ್ನೆ ಕೂರಿಸಿದ್ದಾರೆ. ಅಂಟಿಲ್ಲದೆ ಕೂರಿಸಿದ್ದು ಎಷ್ಟು ದಿನ ನಿಲ್ಲುತ್ತೆ ಮೇಡಂ? ನಾನು ಸೀನಿದ್ರೆ ಜಾರಲ್ವಾ? ನಕ್ಕರೆ? ಭಾರ ಎತ್ತಿದ್ರೆ? ಅದಕ್ಕೇ ಒಂದು ತಿಂಗಳಿಂದ ಸೀನಿಲ್ಲ."

ಡಾಕ್ಟರಮ್ಮ ಪೆನ್ನನ್ನು ಮೇಜಿನ ಮೇಲಿಟ್ಟು ಬಾಯಿಗೆ ಕೈ ಅಡ್ಡ ಹಿಡಿದರು. ಭುಜ ಕುಲುಕುತ್ತಿತ್ತು. ಪುಟ್ಟಿ ಅಪ್ಪನನ್ನೇ ನೋಡುತ್ತಿದ್ದಳು, ನಗಬೇಕೋ ಅಳಬೇಕೋ ತಿಳಿಯದೆ.

"ಒಂದು ತಿಂಗಳಿಂದ ಸೀನಿಲ್ವಾ?" ಎಂದರು ಡಾಕ್ಟರಮ್ಮ, ಸಾವರಿಸಿಕೊಂಡು.

"ಬಂದದ್ದನ್ನೆಲ್ಲ ವಾಪಸ್ ಕಳಿಸಿದೆ."

ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ತಪ್ಪು ನನ್ನದೂ ಇದೆ. ಗೊತ್ತಾಯ್ತಾ ಅಂತ ಕೇಳಿದೆ, ಏನು ಗೊತ್ತಾಯ್ತು ಅಂತ ಕೇಳಲಿಲ್ಲ. ಈಗ ಕೇಳಿ. ಅಂಟು ಇರೋದು ಸ್ಟೆಂಟನ್ನ ನಾಳಕ್ಕೆ ಅಂಟಿಸೋಕೆ ಅಲ್ಲ. ಔಷಧಿಯನ್ನ ಸ್ಟೆಂಟಿಗೆ ಅಂಟಿಸೋಕೆ."

"ಅಂದ್ರೆ?"

"ಅಂದ್ರೆ, ಸ್ಟೆಂಟನ್ನ ಯಾವತ್ತೂ, ಯಾರಿಗೂ, ಅಂಟು ಹಾಕಿ ನಿಲ್ಲಿಸಲ್ಲ. ಒಳಗೆ ಬಲೂನ್ ಊದಿ ಅದನ್ನ ನಾಳದ ಗೋಡೆಗೆ ಬಿಗಿಯಾಗಿ ಒತ್ತಿ ಅರಳಿಸ್ತೀವಿ. ಅರಳಿದ ಲೋಹ ಮತ್ತೆ ಮುದುರಲ್ಲ. ಅದರ ಬಿಗಿಯಲ್ಲೇ ಅದು ನಿಲ್ಲುತ್ತೆ. ಆಮೇಲೆ ನಿಮ್ಮ ಮೈಯೇ ಅದರ ಮೇಲೆ ತೆಳುವಾಗಿ ಒಂದು ಪದರ ಬೆಳೆಸಿಕೊಳ್ಳುತ್ತೆ. ಈಗಾಗಲೇ ಬೆಳೀತಾ ಇದೆ. ನೀವು ಸೀನೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ."

"ಮತ್ತೆ ಆ ಔಷಧಿ?"

"ಗಾಯ ಮಾಯುವಾಗ ಮಾಂಸ ಅತಿಯಾಗಿ ಬೆಳೆದು ದಾರಿ ಮತ್ತೆ ಮುಚ್ಚಿಬಿಡಬಾರದಲ್ಲ, ಅದಕ್ಕೆ ಸ್ಟೆಂಟ್ ಮೇಲೆ ಔಷಧಿ ಇರುತ್ತೆ. ಬೇರೆ ಸ್ಟೆಂಟ್‌ಗಳಲ್ಲಿ ಪಾಲಿಮರ್ ಅಂತ, ಪ್ಲಾಸ್ಟಿಕ್ ಥರದ ಒಂದು ಲೇಪದಲ್ಲಿ ಔಷಧಿ ಕಲಸಿರ್ತಾರೆ. ಅದನ್ನೇ ನಾನು ಅಂಟು ಅಂದದ್ದು. ಎಷ್ಟೋ ಸ್ಟೆಂಟ್‌ಗಳಲ್ಲಿ ಔಷಧಿ ಹೋದ ಮೇಲೂ ಆ ಲೇಪ ಒಳಗೇ ಉಳಿಯುತ್ತೆ, ಕೆಲವರಿಗೆ ಅದರಿಂದ ಕಿರಿಕಿರಿ ಆಗೋದುಂಟು. ನಿಮ್ಮದರಲ್ಲಿ ಆ ಲೇಪವೇ ಇಲ್ಲ. ಲೋಹದ ಮೇಲ್ಮೈಯನ್ನೇ ತರಿತರಿಯಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಾಗೋ ಹಾಗೆ ಮಾಡಿರ್ತಾರೆ. ಔಷಧಿ ಆ ಗುಳಿಗಳಲ್ಲಿ ಕೂತಿರುತ್ತೆ. ಕೆಲವು ವಾರದಲ್ಲಿ ತನ್ನ ಕೆಲಸ ಮುಗಿಸಿ ಹೋಗುತ್ತೆ. ಉಳಿಯೋದು ಬರೀ ಲೋಹ."

ಪುಟ್ಟಿಯಪ್ಪ ತನ್ನ ಅಂಗೈ ನೋಡಿಕೊಂಡ. ತರಿತರಿ ಎಂಬ ಮಾತು ಅವನನ್ನು ಹಿಡಿದು ನಿಲ್ಲಿಸಿತ್ತು. ನುಣುಪು ಗಾಜಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದರೆ ಜಾರಿಹೋಗುತ್ತದೆ, ನಿಲ್ಲುವುದಿಲ್ಲ. ಬಚ್ಚಲುಮನೆ ಕಿಟಕಿಗೆ ಹಾಕುವ ಮಬ್ಬು ಗಾಜಿದೆಯಲ್ಲ, ಮರಳಿನಿಂದ ಉಜ್ಜಿದ್ದು, ಅದರ ಮೇಲೆ ಮುಟ್ಟಿದರೆ ಸಾಕು, ಗೆರೆ ಕೂರುತ್ತದೆ. ಯಾವ ಅಂಟೂ ಬೇಡ.

"ಪುಟ್ಟಿ, ಮಬ್ಬು ಗಾಜಿನ ಮೇಲೆ ಪೆನ್ಸಿಲು" ಎಂದ.

"ಹ್ಞೂಂ ಅಪ್ಪ, ಅದೇ" ಎಂದಳು ಅವಳು. ಅವಳ ಕಣ್ಣಂಚಿನಲ್ಲಿ ನೀರಿತ್ತು. "ಇಷ್ಟಕ್ಕೆ ಅಂಗಡಿ ಮುಚ್ಚೋಕೆ ಹೊರಟಿದ್ದೆಯಾ ನೀನು?"

ಆಗ ಪುಟ್ಟಿಯಪ್ಪ ನಕ್ಕ. ಮೊದಲು ಹೆದರಿಕೊಂಡೇ, ಕುತ್ತಿಗೆಯಿಂದ. ಏನೂ ಜಾರಲಿಲ್ಲ. ಆಮೇಲೆ ಎದೆಯಿಂದ, ಹೊಟ್ಟೆಯಿಂದ. ಕಿಟಕಿಯ ಮೇಲಿನ ಗಾಜು ಟಕಟಕ ಎಂದು ಸೇರಿಕೊಂಡಿತು.

"ಮೇಡಂ, ಕೆಲಸಕ್ಕೆ ಹೋಗಬಹುದಾ?"

"ಹೋಗಲೇಬೇಕು. ಭಾರ ಎತ್ತೋದನ್ನ ಸಣ್ಣದರಿಂದ ಶುರು ಮಾಡಿ. ಎದೆ ಏನಾದ್ರೂ ಹೇಳಿದ್ರೆ ಗ್ಯಾಸು ಅನ್ನದೆ ಇಲ್ಲಿಗೆ ಬನ್ನಿ."

"ಹಾಗಾದ್ರೆ ಒಂದು ಮಾತು. ನಿಮ್ಮ ಹಿಂದಿರೋ ಆ ಗಾಜು ಬರೀ ಕೂತಿದೆ. ಅದಕ್ಕೆ ಮಾತ್ರ ಪುಟ್ಟಿ ಬೇಕೇ ಬೇಕು. ಮೊದಲನೇ ಸಲ ಬಂದಾಗ ಅದನ್ನ ನೋಡ್ತಾ ಕೂತೇ ನಿಮ್ಮ ಮಾತು ಕೇಳಿಸಿಕೊಳ್ಳಲಿಲ್ಲ."

ಡಾಕ್ಟರಮ್ಮ ತಿರುಗಿ ಗಾಜನ್ನು ನೋಡಿ, ಕುರ್ಚಿಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿಕೊಂಡರು.

ಬಸ್ ನಿಲ್ದಾಣದ ದಾರಿಯಲ್ಲಿ ಪುಟ್ಟಿಯಪ್ಪ ಥಟ್ಟನೆ ನಿಂತ. "ಅಯ್ಯೋ, ಮೇಜು."

"ಏನು ಮೇಜು?"

"ನಿಮ್ಮ ಮಾಮ ಈಗ ಸಾಗಿಸ್ತಾ ಇರ್ತಾನೆ. ಇವತ್ತೇ ತಗೊಂಡು ಹೋಗು ಅಂದಿದ್ದೆ."

ಪುಟ್ಟಿ ಫೋನು ಮಾಡಿದಳು. ಮಾಮ ಎತ್ತಲಿಲ್ಲ. ಕೆಲಸದಲ್ಲಿದ್ದಾಗ ಅವನು ಫೋನನ್ನು ಅಂಗಿಯ ಜೊತೆ ಮೊಳೆಗೆ ನೇತುಹಾಕುವುದು ಎಲ್ಲರಿಗೂ ಗೊತ್ತಿತ್ತು. ಬಸ್ಸು ಇಳಿದದ್ದೇ ಅಪ್ಪ ಮಗಳು ಬೀದಿಯಲ್ಲಿ ಬಿರಬಿರನೆ ನಡೆದರು. ಅರ್ಧ ದಾರಿ ಬಂದ ಮೇಲೆ ಪುಟ್ಟಿಯಪ್ಪನಿಗೆ ತಾನು ಎದೆ ಹಿಡಿದುಕೊಳ್ಳದೆ ನಡೆಯುತ್ತಿದ್ದೇನೆ ಎಂಬುದು ಅರಿವಿಗೆ ಬಂತು. ನೋವಿಲ್ಲ, ಏದುಸಿರಿಲ್ಲ. ಗಾಳಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಅಷ್ಟೇ.

ಅಂಗಡಿಯ ಮುಂದೆ ಸೈಕಲ್ ರಿಪೇರಿಯವನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದ. ಒಳಗೆ ಮೇಜು ಮಗ್ಗುಲಾಗಿ ಮಲಗಿತ್ತು, ಅದರ ಎರಡು ಕಾಲು ಬಾಗಿಲಿನಿಂದ ಬೀದಿಗೆ ಚಾಚಿಕೊಂಡಿದ್ದವು. ಬನಿಯನ್ನಿನಲ್ಲಿದ್ದ ಬಾಮೈದ ಬಾಗಿಲ ಪಕ್ಕದ ದೊಡ್ಡ ಕಿಟಕಿಯ ಬುಡದಲ್ಲಿ ಮಂಡಿಯೂರಿ, ಉಳಿಯಿಂದ ಗಾಜಿನ ಅಂಚನ್ನು ಕೆತ್ತುತ್ತಿದ್ದ. ಮೈಯೆಲ್ಲ ಬೆವರು.

"ಏನಯ್ಯ ಮಾಡ್ತಾ ಇದ್ದೀಯಾ?"

ಬಾಮೈದ ತಿರುಗಿ ನೋಡಿ ಉಳಿಯನ್ನು ಕೆಳಗೆಸೆದ. "ಭಾವ, ಬೆಳಿಗ್ಗೆಯಿಂದ ಒದ್ದಾಡ್ತಾ ಇದ್ದೀನಿ. ಉದ್ದಕ್ಕೆ ತಿರುಗಿಸಿದೆ, ಅಡ್ಡಕ್ಕೆ ತಿರುಗಿಸಿದೆ, ನಿಮ್ಮ ಮೇಜು ಬಾಗಿಲಲ್ಲಿ ಹಿಡಿಸಲ್ಲ."

"ಮಾಡಿದವನು ನೀನೇ ಅಲ್ವೇನಯ್ಯ?"

"ಅದೇ ತೊಂದರೆ. ಒಳಗೇ ಕೂತು ಮಾಡಿದೆ. ಹೊರಗೆ ತರೋ ಕಾಲ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಕಾಲು ಬಿಚ್ಚೋಣ ಅಂದ್ರೆ ಹಾಗೆ ಬಿಚ್ಚೋ ಥರದ ಕೆಲಸ ನಾನು ಮಾಡಲ್ಲ. ಕೊಯ್ಯೋಕೆ ಮನಸ್ಸು ಬರಲಿಲ್ಲ. ಸರಿ, ಕಿಟಕಿ ಗಾಜು ತೆಗೆದು ಅಲ್ಲಿಂದ ದಾಟಿಸೋಣ ಅಂತ ಬಂದೆ." ಅವನು ಉಳಿಯನ್ನು ಎತ್ತಿ ತೋರಿಸಿದ. ಅದರ ಅಲಗಿನ ಮೂಲೆ ಮುರಿದಿತ್ತು. "ನೋಡಿ, ನಿಮ್ಮ ಪುಟ್ಟಿ ಮಾಡಿದ ಕೆಲಸ. ಹೆಬ್ಬೆರಳಿನಷ್ಟೂ ಕಿತ್ತು ಬಂದಿಲ್ಲ. ಅದೇನು ಹಾಕಿ ನಾದ್ತೀರಿ, ಕಲ್ಲಾಗಿ ಕೂತಿದೆ."

ಪುಟ್ಟಿಯಪ್ಪ ಬಗ್ಗಿದ. ಒಂದು ತಿಂಗಳ ನಂತರ ಮೊದಲ ಸಲ, ಸೊಂಟದಿಂದ ಪೂರ್ತಿಯಾಗಿ ಬಗ್ಗಿ, ಕಿತ್ತುಹೋದ ಜಾಗದ ಮೇಲೆ ಬೆರಳಾಡಿಸಿದ. ಅಂಗಡಿ ತೆರೆದ ವರ್ಷ ಅವನೇ ಮೆತ್ತಿದ ಪುಟ್ಟಿ ಅದು. ಕೀಳದೆ ಉಳಿದದ್ದರ ಮೇಲೆ ಒಂದು ಸಣ್ಣ ಬೆರಳಿನ ಗುರುತು ಇನ್ನೂ ಇತ್ತು. ಹಸಿಯಿದ್ದಾಗ ಮಗಳು ಒತ್ತಿದ್ದಳು, ಅವನು ಬೈದು, ಆಮೇಲೆ ಹಾಗೇ ಬಿಟ್ಟಿದ್ದ.

"ಬಿಡು, ಮೇಜನ್ನ ಒಳಕ್ಕೆ ತಳ್ಳು" ಎಂದ.

"ಏನು?"

"ಒಳಕ್ಕೆ ತಳ್ಳು ಅಂದೆ. ಅದರಲ್ಲಿ ಅರ್ಧ ಪುಟ್ಟಿದು. ಅವಳನ್ನ ಕೇಳದೆ ಕೊಟ್ಟಿದ್ದೆ."

ಬಾಮೈದ ಅಕ್ಕನ ಮಗಳ ಮುಖ ನೋಡಿದ. "ಏನಮ್ಮಾ, ಡಾಕ್ಟರು ಇವರಿಗೆ ಏನು ಕೊಟ್ಟರು?"

"ಏನೂ ಕೊಡಲಿಲ್ಲ ಮಾಮ, ಒಂದು ಮಾತ್ರೆ ಕಿತ್ಕೊಂಡ್ರು" ಎಂದಳು ಪುಟ್ಟಿ.

ಮೂವರೂ ಸೈಕಲ್ ರಿಪೇರಿಯವನ ಕೈ ಸೇರಿಸಿಕೊಂಡು ಮೇಜನ್ನು ಒಳಕ್ಕೆ ತಳ್ಳಿ ಎಂದಿನ ಜಾಗದಲ್ಲಿ ನಿಲ್ಲಿಸಿದರು. ಪುಟ್ಟಿ ಕಂಬಳಿ ಝಾಡಿಸಿ ಹಾಸಿದಳು. ಸುದ್ದಿ ತಿಳಿದು ಬಂದ ಹೆಂಡತಿ, ನಡೆದದ್ದನ್ನೆಲ್ಲ ಮಗಳ ಬಾಯಿಂದ ಕೇಳಿ, ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಒಂದು ತಿಂಗಳು. ಒಂದು ಮಾತು ಕೇಳೋಕೆ ಒಂದು ತಿಂಗಳು. ನಾನು ಎಷ್ಟು ಸಲ ಕೇಳಿದೆ? ನಿಮ್ಮ ಬಾಯಿಗೆ ಯಾರು ಪುಟ್ಟಿ ಹಚ್ಚಿದ್ರು?"

ಪುಟ್ಟಿಯಪ್ಪ ಅಷ್ಟರಲ್ಲಾಗಲೇ ಹಲಗೆಯ ಮೇಲಿಂದ ಸೀಮೆಸುಣ್ಣದ ಪುಡಿಯ ಚೀಲ ಇಳಿಸಿದ್ದ. ಬಾಮೈದ ಕಿತ್ತುಹಾಕಿದ ಜಾಗವನ್ನು ಇವತ್ತೇ ತುಂಬಬೇಕು. ಜೊತೆಗೆ ಆಸ್ಪತ್ರೆಯ ಕಿಟಕಿಗೂ ಒಂದಿಷ್ಟು ಆಗಲಿ. ಜರಡಿ ಹಿಡಿದ. ಬಿಳಿಯ ಪುಡಿ ಹೊಗೆಯಂತೆ ಎದ್ದು ಬಾಗಿಲ ಬಿಸಿಲಿನಲ್ಲಿ ತೇಲಿತು. ಅವನ ಮೂಗು ಅರಳಿತು. ಕೈ ಅಭ್ಯಾಸಬಲದಿಂದ ಮೂಗಿನ ಬುಡಕ್ಕೆ ಹೋಯಿತು, ಅರ್ಧ ದಾರಿಯಲ್ಲಿ ನಿಂತಿತು, ಕೆಳಗಿಳಿಯಿತು.

ದೊಡ್ಡ ಹಾಳೆಗಳು ಮೊದಲು ಝಣ್ಣೆಂದವು, ಆಮೇಲೆ ತುಂಡುಗಳು, ಕೊನೆಗೆ ಕನ್ನಡಿ.

ಎದುರು ಬದಿಯಿಂದ ಕೂಗು ಬಂತು, "ಆಯ್ತಾ, ಇನ್ನೊಂದಿದೆಯಾ?"

"ಒಂದಲ್ಲಪ್ಪ" ಎಂದ ಪುಟ್ಟಿಯಪ್ಪ, ಮೂಗು ಮೇಲೆತ್ತಿಕೊಂಡೇ. "ಒಂದು ತಿಂಗಳಿನದು ಬಾಕಿ ಇದೆ."